ಗಾಲಿಕುರ್ಚಿಗಿಂತ ಮೊದಲು ದಾರಿ

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಕುತುಪಾಲಾಂಗ್ ನಿರಾಶ್ರಿತರ ಶಿಬಿರದ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. 2017ರ ಆಗಸ್ಟ್‌ನಿಂದ ಈಚೆಗೆ ಮ್ಯಾನ್ಮಾರ್ ಸೇನೆಯ ಹಿಂಸೆ ತಾಳಲಾರದೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿದರು. ನಡೆಯಲಾಗದ ಹಿರಿಯರನ್ನು ಬುಟ್ಟಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ತಂದವರು ಅವರಲ್ಲಿದ್ದರು. ಗುಡ್ಡ ಕಡಿದು, ಬಿದಿರು ಮತ್ತು ಟಾರ್ಪಾಲಿನಿಂದ ಕಟ್ಟಿಕೊಂಡ ಗುಡಿಸಲುಗಳಲ್ಲೇ ಅವರ ಬದುಕು ಇಂದಿಗೂ ಸಾಗಿದೆ.

ಅಲ್ಲಿ ದಾರಿ ಅಂದರೆ ಹಲವು ಕಡೆ ಮರಳಿನ ಚೀಲ ಪೇರಿಸಿ, ಬಿದಿರಿನ ಅಂಚು ಕೊಟ್ಟ ಕಡಿದಾದ ಮೆಟ್ಟಿಲು. ಮಳೆ ಹಿಡಿಯಿತೆಂದರೆ ಕಾಲು ನೆಟ್ಟಗಿದ್ದವರೂ ಜಾರುತ್ತಾರೆ. ಇಂಥ ಕಡೆ ಗಾಲಿಕುರ್ಚಿ ಕೊಟ್ಟರೆ ಅದು ಹೊಸ್ತಿಲು ದಾಟುವುದಿಲ್ಲ. ಅಡುಗೆ ಅನಿಲದ ಸಿಲಿಂಡರು, ಅಕ್ಕಿ ಮೂಟೆಗಳನ್ನು ಗುಡ್ಡ ಹತ್ತಿಸಲು ಇನ್ನೊಬ್ಬರ ಹೆಗಲು ಬೇಕು. ಶೌಚಾಲಯ ಇಳಿಜಾರಿನ ಕೆಳಗಿದ್ದರೆ, ಅಲ್ಲಿಗೆ ಹೋಗುವ ಕಷ್ಟಕ್ಕೆ ಅಂಜಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರಿದ್ದಾರೆ. ಕೈಯಾಸರೆಗೆ ಎರಡು ಬಿದಿರಿನ ಗಳ, ಕೂರಲು ಒಂದು ಕಮೋಡ್ ಕುರ್ಚಿ: ಇಷ್ಟಿದ್ದರೂ ಒಬ್ಬ ಹೆಣ್ಣುಮಗಳ ಮಾನ ಉಳಿಯುತ್ತದೆ. ಇದನ್ನು ನಾನು ಸಣ್ಣ ಮಾತೆಂದು ಎಣಿಸುವುದಿಲ್ಲ.

ಚಂಡಮಾರುತದ ಎಚ್ಚರಿಕೆಯನ್ನೇ ನೋಡಿ. ಅಪಾಯ ಏರಿದಂತೆ ಒಂದು, ಎರಡು, ಮೂರು ಬಾವುಟ ಏರಿಸುತ್ತಾರೆ, ಮೈಕಿನಲ್ಲಿ ಕೂಗುತ್ತಾರೆ. ಬಾವುಟ ಕುರುಡರಿಗೆ ಕಾಣದು, ಕೂಗು ಕಿವುಡರಿಗೆ ಕೇಳದು. ಸುದ್ದಿ ತಿಳಿದ ಮೇಲೂ, ಹಾಸಿಗೆ ಹಿಡಿದವರನ್ನು ಹೊತ್ತು ತರುವವರು ಯಾರೆಂದು ಮೊದಲೇ ಗೊತ್ತುಮಾಡಿರಬೇಕು.

ಇವರೆಲ್ಲ ಕೈಬೆರಳೆಣಿಕೆಯ ಜನರಲ್ಲ. 2021ರ ಸಮೀಕ್ಷೆಯೊಂದು ಶಿಬಿರಗಳಲ್ಲಿ ಎರಡು ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 12 ಮಂದಿಗೆ ಅಂಗವೈಕಲ್ಯವಿದೆ ಎಂದು ಕಂಡುಕೊಂಡಿತು. ‘ನೀವು ಅಂಗವಿಕಲರೇ?’ ಎಂದು ಕೇಳಿದರೆ ನಾಚಿಕೆಯಿಂದ ಹಲವರು ಇಲ್ಲವೆನ್ನುತ್ತಾರೆ. ನೋಡಲು, ಕೇಳಲು, ನಡೆಯಲು, ನೆನಪಿಡಲು ಎಷ್ಟು ಕಷ್ಟ ಎಂದು ವಿಚಾರಿಸಿದರೆ ಮಾತ್ರ ನಿಜಸ್ಥಿತಿ ಹೊರಬರುತ್ತದೆ.

ಯುದ್ಧ, ವಿಪತ್ತುಗಳಲ್ಲಿ ಅಂಗವಿಕಲರ ರಕ್ಷಣೆ ಸರ್ಕಾರಗಳ ಹೊಣೆ ಎಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. ಅಂದಮೇಲೆ ಇದು ದಯೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಶಿಬಿರದ ನಕ್ಷೆ ಬರೆಯುವ ದಿನವೇ ಅವರನ್ನು ಕೂರಿಸಿಕೊಂಡು ಕೇಳಬೇಕು. ನಿರಾಶ್ರಿತರಿಗಾಗಿ ಯಾವುದೇ ಸಂಸ್ಥೆಗೆ ಹಣ ಕೊಡುವಾಗ ನೀವೂ ದಯವಿಟ್ಟು ಒಂದು ಮಾತು ಕೇಳಿ: ನಡೆಯಲಾಗದವರು ನಿಮ್ಮ ನೀರಿನ ನಲ್ಲಿಯವರೆಗೆ ಹೇಗೆ ಬರುತ್ತಾರೆ?