ಹಳೆಯ ಕಂಪ್ಯೂಟರಿಗೆ ಹೊಸ ನೀರುಗಂಟಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



 ನನಗೆ ಕೊಟ್ಟ ವಿಷಯ ಕಂಪ್ಯೂಟರ್ ಮತ್ತು ನಮ್ಮ ಹಳ್ಳಿ. ವಿಷಯ ದೊಡ್ಡದು, ಸಮಯ ಚಿಕ್ಕದು. ಅದಕ್ಕೇ ಒಂದೇ ಒಂದು ಕೆಲಸದ ಬಗ್ಗೆ ಹೇಳಿ ಕೂರುತ್ತೇನೆ. ಮೂಲೆ ಸೇರಿರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಅನ್ನು ನಾವೇ ಹಾಕಿಕೊಳ್ಳುವುದು.

ಈ ಮಾತು ಈಗ ಯಾಕೆ ಬಂತು ಅಂತ ಕೇಳಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹೋಗಲಿ, ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದಿನ ಯಂತ್ರಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ಪರದೆ ಚೆನ್ನಾಗಿದೆ, ಕೀಲಿಮಣೆ ಚೆನ್ನಾಗಿದೆ, ಆದರೂ ಯಂತ್ರ ಗುಜರಿಗೆ ಹೋಗಬೇಕಾದ ಸ್ಥಿತಿ. ಪಟ್ಟಣದ ಜನ ಹೊಸದು ಕೊಂಡಾರು. ಭತ್ತ, ಕಬ್ಬು ನಂಬಿದ ನಮ್ಮ ಮನೆಗಳಲ್ಲಿ ಮಗಳ ಓದಿಗೆಂದು ಒಮ್ಮೆ ಕೊಂಡ ಲ್ಯಾಪ್‌ಟಾಪ್ ಕೈಬಿಡುವುದು ಸುಲಭವಲ್ಲ.

ಆಪರೇಟಿಂಗ್ ಸಿಸ್ಟಂ ಅಂದರೆ ಏನು? ನಮ್ಮ ಮಾಧವಮಂತ್ರಿ ನಾಲೆ ಎಲ್ಲರಿಗೂ ಗೊತ್ತು. ನಾಲೆಯಲ್ಲಿ ನೀರಿದ್ದರೆ ಸಾಲದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳಲು ಒಬ್ಬ ನೀರುಗಂಟಿ ಬೇಕು. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದೇ ಆಪರೇಟಿಂಗ್ ಸಿಸ್ಟಂ. ಬರೆಯುವ ತಂತ್ರಾಂಶಕ್ಕೆ ಇಷ್ಟು ಮೆಮೊರಿ, ಪ್ರಿಂಟರಿಗೆ ಈಗ ಸರದಿ ಎಂದು ಹಂಚುತ್ತದೆ. ಯಂತ್ರ ನಿಧಾನವಾಯಿತು ಎಂದು ನಾವು ಗೊಣಗುವಾಗ ಎಷ್ಟೋ ಸಲ ನಾಲೆ ಬತ್ತಿರುವುದಿಲ್ಲ, ನೀರುಗಂಟಿಯ ಖರ್ಚೇ ಹೆಚ್ಚಾಗಿರುತ್ತದೆ. ಕಡಿಮೆ ಖರ್ಚಿನ ನೀರುಗಂಟಿಯನ್ನು ನೇಮಿಸಿದರೆ ಅದೇ ಯಂತ್ರ ಮತ್ತೆ ಓಡುತ್ತದೆ.

ಅಂಥ ನೀರುಗಂಟಿ ಲಿನಕ್ಸ್. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಎಂಬ ಯೋಜನೆ ಘೋಷಿಸಿದರು. ತಂತ್ರಾಂಶವನ್ನು ಬಳಸಲು, ಒಳಗೇನಿದೆ ಎಂದು ನೋಡಲು, ತಿದ್ದಲು, ಇತರರಿಗೆ ಹಂಚಲು ಎಲ್ಲರಿಗೂ ಸ್ವಾತಂತ್ರ್ಯವಿರಬೇಕು ಎಂಬುದು ಅವರ ವಾದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಲಿನಕ್ಸ್ ಕರ್ನಲ್ ಬರೆದು ಎಲ್ಲರ ಮುಂದಿಟ್ಟರು. ಇವೆರಡೂ ಕೂಡಿ ಇಂದಿನ ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮುಂತಾದವು ಆಗಿವೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ.

ರೈತರಿಗೆ ಇದನ್ನು ಬೀಜದ ಲೆಕ್ಕದಲ್ಲಿ ಹೇಳಬಹುದು. ಹೈಬ್ರಿಡ್ ಬೀಜವನ್ನು ಪ್ರತಿ ಬೆಳೆಗೂ ಅಂಗಡಿಯಿಂದ ತರಬೇಕು. ಮನೆಯಲ್ಲಿ ಎತ್ತಿಟ್ಟ ನಾಟಿ ಭತ್ತದ ಬಿತ್ತನೆಯನ್ನು ನಾವೂ ಬಿತ್ತಬಹುದು, ಪಕ್ಕದ ಗದ್ದೆಯವರಿಗೂ ಎರಡು ಸೇರು ಕೊಡಬಹುದು, ಯಾರ ಅಪ್ಪಣೆಯೂ ಬೇಡ. ಲಿನಕ್ಸ್ ಆ ಬಗೆಯ ಬಿತ್ತನೆ. ಒಬ್ಬರು ಇಳಿಸಿಕೊಂಡರೆ ಇಡೀ ಊರಿಗೆ ಹಂಚಬಹುದು. ಕದ್ದ ಪ್ರತಿ ಎಂಬ ಅಳುಕಿಲ್ಲ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ನನ್ನ ಅಕ್ಕನ ಮಗಳು ಪದವಿ ಓದುತ್ತಾಳೆ. ಅವಳದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ರಿಪೇರಿ ಅಂಗಡಿಯೊಂದರಲ್ಲಿ ಕದ್ದ ಪ್ರತಿಯ ವಿಂಡೋಸ್ ಹಾಕಿಕೊಟ್ಟಿದ್ದರು. ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲೇ ವೈರಸ್ ಬಂದು ಬರೆದದ್ದೆಲ್ಲ ಹೋಯಿತು. ಅದೇ ಅಂಗಡಿಯಲ್ಲಿ, "ಇದನ್ನ ಬಿಸಾಕಮ್ಮ, ಹೊಸದು ತಗೊ" ಅಂದರಂತೆ. ಅಕ್ಕ ಹಸುವನ್ನು ಮಾರುವ ಯೋಚನೆಯಲ್ಲಿದ್ದಳು. ಆ ಭಾನುವಾರ ನಾನು ಊರಿಗೆ ಬಂದವನು ಪಕ್ಕದಲ್ಲಿ ಕೂತೆ ಅಷ್ಟೆ, ಕೈಯಾಡಿಸಿದ್ದೆಲ್ಲ ಅವಳೇ. ಸಂಜೆಯೊಳಗೆ ಲಿನಕ್ಸ್ ಮಿಂಟ್ ಓಡಿತು. "ಮಾವ, ಇಷ್ಟೇನಾ?" ಅಂದಳು. ಹೋದ ಬರಹ ವಾಪಸ್ ಬರಲಿಲ್ಲ, ಅದನ್ನು ಅವಳು ನಿದ್ದೆಗೆಟ್ಟು ಮತ್ತೆ ಬರೆದಳು. ಹಸು ಮಾತ್ರ ಕೊಟ್ಟಿಗೆಯಲ್ಲೇ ಉಳಿಯಿತು. ಆಮೇಲೆ ಅವಳು ತನ್ನ ಇಬ್ಬರು ಗೆಳತಿಯರ ಯಂತ್ರಕ್ಕೂ ಹಾಕಿಕೊಟ್ಟಳು.

ಈಗ ಕೆಲಸದ ಕ್ರಮ ಕೇಳಿ. ಮಕ್ಕಳು ಬರೆದುಕೊಳ್ಳಿ.

ಮೊದಲನೆಯದು, ನಿಮ್ಮ ಫೋಟೋ, ಅಂಕಪಟ್ಟಿ, ಬರಹ ಎಲ್ಲವನ್ನೂ ಬೇರೆ ಪೆನ್ ಡ್ರೈವಿಗೋ ಹಾರ್ಡ್ ಡಿಸ್ಕಿಗೋ ನಕಲು ಮಾಡಿ ತೆಗೆದಿಡಿ. ಈ ಕೆಲಸ ಆಗುವ ತನಕ ಮುಂದಕ್ಕೆ ಹೋಗಬೇಡಿ.

ಎರಡನೆಯದು, ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಐಎಸ್ಓ ಎಂಬ ಕಡತ ಇಳಿಸಿಕೊಳ್ಳಿ. ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಸಾಕು. ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಬೇಕು, 4 ಜಿಬಿ ರ‍್ಯಾಮ್ ಇದ್ದರೆ ಆರಾಮ. ತೀರಾ ಹಳೆಯ 32 ಬಿಟ್ ಯಂತ್ರಕ್ಕೆ ಇದು ಆಗುವುದಿಲ್ಲ, ಅದಕ್ಕೆ ಬೇರೆ ಆವೃತ್ತಿ ಹುಡುಕಬೇಕು.

ಮೂರನೆಯದು, 8 ಜಿಬಿಯ ಖಾಲಿ ಪೆನ್ ಡ್ರೈವ್ ತೆಗೆದುಕೊಳ್ಳಿ. ಐಎಸ್ಓ ಕಡತವನ್ನು ಸುಮ್ಮನೆ ಕಾಪಿ ಮಾಡಿದರೆ ಯಂತ್ರ ಏಳುವುದಿಲ್ಲ. ರೂಫಸ್ ಅಥವಾ ಬಲೇನಾ ಎಚರ್ ಎಂಬ ಉಚಿತ ಸಲಕರಣೆಯಿಂದ ಅದನ್ನು ಪೆನ್ ಡ್ರೈವಿಗೆ ಬರೆಸಬೇಕು. ಹಾಗೆ ಬರೆಸಿದಾಗ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಯುತ್ತದೆ.

ನಾಲ್ಕನೆಯದು, ಪೆನ್ ಡ್ರೈವ್ ಸಿಕ್ಕಿಸಿ ಯಂತ್ರ ಆನ್ ಮಾಡಿ, ಕೂಡಲೇ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿ ಒತ್ತಿ. ಕಂಪನಿಯಿಂದ ಕಂಪನಿಗೆ ಈ ಕೀಲಿ ಬೇರೆ. ಬರುವ ಪಟ್ಟಿಯಲ್ಲಿ ಪೆನ್ ಡ್ರೈವನ್ನು ಆರಿಸಿ. ಆಗ ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ಲಿನಕ್ಸ್ ನಿಮ್ಮೆದುರು ತೆರೆದುಕೊಳ್ಳುತ್ತದೆ. ವೈಫೈ ಬರುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಪ್ರಿಂಟರ್ ಕೇಳುತ್ತದೆಯೇ ಎಂದು ಪರೀಕ್ಷಿಸಿ. ಹಿಡಿಸದಿದ್ದರೆ ಪೆನ್ ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಆನ್ ಮಾಡಿ, ಹಳೆಯದು ಹಾಗೇ ಇರುತ್ತದೆ.

ಐದನೆಯದು, ಹಿಡಿಸಿದರೆ ಇನ್‌ಸ್ಟಾಲ್ ಒತ್ತಿ. ಒಂದು ಕಡೆ ಯಂತ್ರ ಕೇಳುತ್ತದೆ, ವಿಂಡೋಸ್ ಪಕ್ಕದಲ್ಲೇ ಇರಲೇ, ಅಥವಾ ಡಿಸ್ಕ್ ಪೂರಾ ಅಳಿಸಲೇ ಎಂದು. ಇದೊಂದೇ ಕಡೆ ಎರಡು ಸಲ ಓದಿ ಒತ್ತಿ. ಅಳಿಸಿದ್ದು ವಾಪಸ್ ಬಾರದು. ಉಳಿದದ್ದು ಹೆಸರು, ಪಾಸ್‌ವರ್ಡ್, ಊರು ತುಂಬುವ ಕೆಲಸ.

ಕನ್ನಡದ ಗತಿಯೇನು ಎಂದು ಮೇಷ್ಟ್ರುಗಳು ಕೇಳುತ್ತಾರೆ. ಐಬಸ್ ಎಂಬ ಸಲಕರಣೆ ಹಾಕಿಕೊಂಡರೆ ಕೆಜಿಪಿ ಎಂಬ ಕನ್ನಡ ವಿನ್ಯಾಸ ಸಿಗುತ್ತದೆ. ಅದು ಕೆ. ಪಿ. ರಾವ್ ಅವರ ಕೀಲಿಮಣೆಯ ದಾರಿಯದೇ, ನುಡಿಯಲ್ಲಿ ಬೆರಳು ಪಳಗಿದವರಿಗೆ ಕಷ್ಟವಾಗದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳೂ ಇವೆ. ಲಿಬ್ರೆ ಆಫೀಸಿನಲ್ಲಿ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಮಾಡಬಹುದು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಕಡತಗಳು ಆ ಫಾಂಟ್ ಇಲ್ಲದ ಕಡೆ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಡಬೇಕು. ಲಿನಕ್ಸ್ ಹಾಕದಿದ್ದರೂ ಈ ಕೆಲಸ ಮಾಡಿ. ಸಾವಿರ ವರ್ಷದ ಶಾಸನವನ್ನು ಓದಬಲ್ಲ ಊರು ನಮ್ಮದು, ಇಪ್ಪತ್ತು ವರ್ಷದ ಹಿಂದಿನ ಶಾಲಾ ದಾಖಲೆಯನ್ನು ಓದಲಾರದೆ ಹೋಗಬಾರದು.

ಎಲ್ಲರೂ ಇದನ್ನೇ ಹಾಕಿ ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಫೋಟೋಶಾಪ್ ನಂಬಿದ ಸ್ಟುಡಿಯೋದವರು ವಿಂಡೋಸಿನಲ್ಲೇ ಇರುವುದು ಲೇಸು. ಕೆಲವು ಪ್ರಿಂಟರುಗಳು ಲಿನಕ್ಸಿಗೆ ಮಣಿಯುವುದಿಲ್ಲ. ಓದು, ಬರಹ, ಇಂಟರ್‌ನೆಟ್, ಆನ್‌ಲೈನ್ ಅರ್ಜಿ, ವಿಡಿಯೋ ಪಾಠ ಇಷ್ಟಕ್ಕೆ ಮಾತ್ರ ಧಾರಾಳವಾಗಿ ಸಾಕು.

ಸರ್ಕಾರಿ ಶಾಲೆಗೆ ಇದು ಆಗುವ ಮಾತೇ ಎಂಬ ಅನುಮಾನ ಬೇಡ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುಮಾಡಿ, ಮುಂದೆ ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಇವತ್ತು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲೇ ಕಲಿಯುತ್ತಾರೆ, ಅವರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ನಮ್ಮಲ್ಲಿಯೂ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು ಉಬುಂಟು ಕಲಿತರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆಯ ಕೊಳೆಗೇರಿಯಲ್ಲಿ ಸ್ವಯಂಸೇವಕರು ಹಳೆಯ ಯಂತ್ರಗಳಿಗೆ ಮುಕ್ತ ತಂತ್ರಾಂಶ ಹಾಕಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಕಟ್ಟಿದರು. ಅಲ್ಲಿನ ಮಕ್ಕಳು ಗಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬಿಡಿಸಲು ಕಲಿತರು.

ಕೊನೆಗೆ ಒಂದು ಕೋರಿಕೆ. ದಸರಾ ರಜೆಯಲ್ಲಿ ಎರಡು ದಿನ ಶಾಲೆಯ ಒಂದು ಕೊಠಡಿ ಬಿಟ್ಟುಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದು ಪೆನ್ ಡ್ರೈವ್ ತನ್ನಿ. ಊರಿನವರು ಮೂಲೆಯಲ್ಲಿರುವ ಯಂತ್ರ ತನ್ನಿ. ಹಾಕುವ ಕೈ ಮಾತ್ರ ಎಂಟು, ಒಂಬತ್ತನೇ ತರಗತಿಯ ಮಕ್ಕಳದಾಗಿರಲಿ, ನಾವು ಪಕ್ಕದಲ್ಲಿ ಕೂರೋಣ. ಹತ್ತು ಯಂತ್ರ ಎದ್ದರೆ ಸಂತೋಷ. ಹತ್ತು ಮಕ್ಕಳಿಗೆ ಕೆಲಸ ಬಂದರೆ ಇನ್ನೂ ಸಂತೋಷ. ಯಂತ್ರ ಮತ್ತೆ ಕೆಟ್ಟೀತು, ಕಲಿತ ಮಗು ಊರಲ್ಲಿದ್ದರೆ ಮತ್ತೆ ಎಬ್ಬಿಸೀತು.