ಬಾನುಲಿ ನಿಂತ ಮೇಲಿನ ಮಾತು

(ರಾಜ್ಯೋತ್ಸವದ ಅಂಗವಾಗಿ ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಕದಂಬರಿಂದ ಆರಂಭಿಸಿ ಏಕೀಕರಣದವರೆಗೆ ಬರುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನೂ 1956ನೆಯ ಇಸವಿಯನ್ನೇ ಹಿಡಿದುಕೊಳ್ಳುತ್ತೇನೆ. ಆದರೆ ನವೆಂಬರಿಗೆ ಹೋಗದೆ ಆ ವರ್ಷದ ಫೆಬ್ರವರಿಯಲ್ಲಿಯೇ ನಿಲ್ಲುತ್ತೇನೆ. ದೂರ ಹೋಗಬೇಕಾದುದೂ ಇಲ್ಲ. ಇದು ನಾವು ಕುಳಿತಿರುವ ಈ ಪುಣೆಯ ಸುತ್ತಲೇ ನಡೆದ ಸಂಗತಿ.

ಆಗಿನ್ನೂ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಯುನೆಸ್ಕೋದ ನೆರವಿನಿಂದ ಇಲ್ಲಿಯ ರೇಡಿಯೋ ಕೇಂದ್ರವು ಒಂದು ಪ್ರಯೋಗವನ್ನು ಕೈಕೊಂಡಿತು. ಪುಣೆ, ಅಹಮದ್‌ನಗರ, ನಾಸಿಕ, ಉತ್ತರ ಸಾತಾರಾ, ಕೊಲ್ಹಾಪುರ ಈ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳನ್ನು ಆರಿಸಿಕೊಂಡು, ವಾರಕ್ಕೆರಡು ಸಲ ಅರ್ಧರ್ಧ ಗಂಟೆ, ಹತ್ತು ವಾರಗಳಲ್ಲಿ 20 ಕಾರ್ಯಕ್ರಮಗಳನ್ನು ಮರಾಠಿಯಲ್ಲಿ ಪ್ರಸಾರ ಮಾಡಿದರು. ಬೇಸಾಯ, ಊರಿನ ಆರೋಗ್ಯ, ಪಂಚಾಯತಿಯ ಕೆಲಸ, ಇಂಥವೇ ವಿಷಯಗಳು. ಇಷ್ಟೇ ಆಗಿದ್ದರೆ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ಹಳ್ಳಿಯವರಿಗೆ ರೇಡಿಯೋದಲ್ಲಿ ಬುದ್ಧಿ ಹೇಳುವುದು ಮೊದಲಿನಿಂದಲೂ ನಡೆದೇ ಇತ್ತು.

ಹೊಸದಾಗಿದ್ದುದು ರೇಡಿಯೋ ನಿಂತ ಮೇಲಿನ ಕೆಲಸ. ಪ್ರತಿ ಹಳ್ಳಿಯಲ್ಲಿಯೂ ಹೆಚ್ಚೆಂದರೆ ಇಪ್ಪತ್ತು ಜನರ ಒಂದು ಕೂಟ. ಅದಕ್ಕೊಬ್ಬ ಮುಖಂಡ, ಬರೆದುಕೊಳ್ಳಲು ಒಬ್ಬ ಕಾರ್ಯದರ್ಶಿ. ಕಾರ್ಯಕ್ರಮ ಮುಗಿಯಿತೆಂದು ಯಾರೂ ಏಳುವಂತಿಲ್ಲ. ಪೆಟ್ಟಿಗೆ ಹೇಳಿದ್ದು ನಮ್ಮೂರಿಗೆ ಒಪ್ಪುತ್ತದೆಯೇ, ಒಪ್ಪದಿದ್ದರೆ ಏಕೆ, ಎಂದು ಮಾತು ಆರಂಭವಾಗಬೇಕು. ಸಂದೇಹಗಳನ್ನು ಬರೆದು ಪುಣೆಗೆ ಕಳಿಸಬೇಕು; ಅವುಗಳಿಗೆ ಉತ್ತರ ಮುಂದಿನ ಕಾರ್ಯಕ್ರಮಗಳಲ್ಲಿ ಬರಬೇಕು. ಬಾನುಲಿಗೆ ಬಾಯಿಯೊಂದೇ ಇತ್ತಷ್ಟೆ. ಈ ಏರ್ಪಾಡಿನಿಂದ ಅದಕ್ಕೆ ಕಿವಿಯೂ ಬಂದಂತಾಯಿತು.

ಈ ಯೋಚನೆ ಮೂಲತಃ ಕೆನಡಾ ದೇಶದ್ದು. 1941ರಿಂದ 1965ರವರೆಗೆ ಅಲ್ಲಿಯ ರೈತರು ಚಳಿಗಾಲದಲ್ಲಿ ನೆರೆಯವರ ಮನೆಯಲ್ಲಿ ಸೇರಿ ಹೀಗೆ ಕೇಳಿ ಚರ್ಚಿಸುತ್ತಿದ್ದರು. ‘ಓದು, ಕೇಳು, ಚರ್ಚಿಸು, ಮಾಡು’ ಎಂಬುದು ಅವರ ಘೋಷಣೆ. ನಮ್ಮ ಹಳ್ಳಿಗಳಲ್ಲಿ ಓದು ಬಲ್ಲವರು ಕಡಿಮೆ. ಉಳಿದ ಮೂರಕ್ಕೆ ಕೊರತೆಯೇನಿತ್ತು?

ಫಲವೇನಾಯಿತೆಂದು ಪರೀಕ್ಷಿಸಿದವರು ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು. ಆಗ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದರು. ಹುಟ್ಟಿದ್ದು ವಿಯೆನ್ನಾದಲ್ಲಿ, ಹಿಟ್ಲರನ ಕಾಲದಲ್ಲಿ ಡಾಖೌ, ಬುಖೆನ್‌ವಾಲ್ಡ್ ಸೆರೆಶಿಬಿರಗಳ ಕಷ್ಟವನ್ನು ಉಂಡವರು. ಸರಕಾರವೇ ಅಗ್ಗದ ರೇಡಿಯೋವನ್ನು ಮನೆಮನೆಗೆ ಮುಟ್ಟಿಸಿ, 1939ರ ಸೆಪ್ಟೆಂಬರಿನಿಂದ ಪರದೇಶದ ಕೇಂದ್ರವನ್ನು ಕೇಳುವುದೇ ಅಪರಾಧವೆಂದು ವಿಧಿಸಿದ ರಾಜ್ಯ ಅದು. ಅಂಥ ರಾಜ್ಯವನ್ನು ಕಂಡು ಬಂದ ಮನುಷ್ಯ, ನಮ್ಮ ರೈತರು ರೇಡಿಯೋದ ಮಾತನ್ನು ಒರೆಗೆ ಹಚ್ಚುವುದನ್ನು ಯಾವ ಕಣ್ಣಿನಿಂದ ನೋಡಿರಬಹುದೆಂದು ನಾನು ಆಗಾಗ ಯೋಚಿಸುವುದುಂಟು.

ಅವರು ಕೂಟವಿದ್ದ ಹಳ್ಳಿ, ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿ, ಎರಡೂ ಇಲ್ಲದ ಹಳ್ಳಿ ಎಂದು ಮೂರು ಬಗೆ ಮಾಡಿ, ಪ್ರಯೋಗದ ಮೊದಲೂ ಆಮೇಲೂ ಜನರ ತಿಳಿವಳಿಕೆಯನ್ನು ಅಳೆದರು. ಕೂಟವಿದ್ದಲ್ಲಿ ತಿಳಿವಳಿಕೆ ಬಹಳ ಏರಿತ್ತು. ಬರಿಯ ರೇಡಿಯೋ ಇದ್ದ ಊರುಗಳು ಅವುಗಳಿಗಿಂತ ತೀರ ಹಿಂದೆ. ಅದೇ ಧ್ವನಿ, ಅದೇ ಅರ್ಧ ಗಂಟೆ. ಆದರೂ ಇಷ್ಟು ವ್ಯತ್ಯಾಸ! 1959ರಲ್ಲಿ ಈ ಯೋಜನೆಯನ್ನು ದೇಶದ ಇತರ ಕಡೆಗೂ ಹಬ್ಬಿಸಿದರು. ಮುಂದೆ ಕೂಟಗಳ ಎಣಿಕೆ ಸಾವಿರ ಸಾವಿರವಾಯಿತು. ಎಣಿಕೆ ಬೆಳೆದಷ್ಟು ಜೀವ ಬೆಳೆಯಲಿಲ್ಲವೆಂಬುದೂ ನಿಜ.

‘ಆಕಾಶವಾಣಿ’ ಎಂಬ ಹೆಸರು ನಮ್ಮ ಮೈಸೂರಿನ ಕಾಣಿಕೆಯೆಂದು ನಾವು ಅಭಿಮಾನಪಡುತ್ತೇವೆ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲಿಯೇ ಕೇಂದ್ರವನ್ನು ತೆರೆದದ್ದು ಸಾಮಾನ್ಯ ಸಾಹಸವಲ್ಲ. ಆದರೆ ಆಕಾಶದಿಂದ ಇಳಿದ ವಾಣಿಗೆ ಕಂಸನಂತೆ ನಡುಗುವುದೇ ಕೇಳುವವರ ಪಾಡಾಗಬೇಕೆ? ಇಂದು ಟೆಲಿವಿಷನ್ನಿನಲ್ಲಿ ನಾಲ್ಕು ಕಿಂಡಿಗಳಿಂದ ನಾಲ್ವರು ಒಟ್ಟಿಗೆ ಕೂಗುತ್ತಾರೆ. ಅದಕ್ಕೂ ಚರ್ಚೆಯೆಂದೇ ಹೆಸರು. ಮನೆಯಲ್ಲಿ ಕುಳಿತವರು ಮಾತ್ರ ಮೌನ. ಫೋನು ಮಾಡಿ ಮಾತಾಡುವ ಬಾನುಲಿ ಕಾರ್ಯಕ್ರಮಗಳು ಎಷ್ಟೋ ಮೇಲು, ಆದರೆ ಅಲ್ಲಿಯೂ ನಮಗೆ ಸಿಗುವುದು ಅರ್ಧ ನಿಮಿಷ.

ಇದನ್ನೆಲ್ಲ ನಿಮ್ಮ ಮುಂದೆ ಏಕೆ ಹರಡಿದೆನೆಂದರೆ, ನಮ್ಮ ಮನೆಗಳ ಸ್ಥಿತಿಯನ್ನು ನೋಡಿ. ನಮ್ಮ ಹುಡುಗರಿಗೆ ಕನ್ನಡ ಬರುವುದಿಲ್ಲವೆಂದು ನಾನು ಹೇಳಲಾರೆ. ‘ಅವ್ವಾ, ಇನ್ನೊಂದು ರೊಟ್ಟಿ ನೀಡು’ ಎನ್ನುವಾಗ ಅವರ ಕನ್ನಡದಲ್ಲಿ ಏನೂ ಊನವಿಲ್ಲ. ಅದೇ ಹುಡುಗ ಚುನಾವಣೆಯ ಮಾತು, ನೀರಿನ ಮಾತು, ಕಾಲೇಜಿನ ಮಾತು ಬಂದೊಡನೆ ಮರಾಠಿಗೋ ಇಂಗ್ಲಿಷಿಗೋ ಜಾರುತ್ತಾನೆ. ತಂದೆಯೂ ಅವನ ಬೆನ್ನಿಗೇ ಜಾರುತ್ತಾನೆ. ಮರಾಠಿ ನಮಗೆ ಅನ್ನವಿಕ್ಕಿದ ಊರಿನ ಭಾಷೆ. ಅದನ್ನು ಚೆನ್ನಾಗಿ ಕಲಿಯಲೇಬೇಕು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ತಂದೆಯೊಡನೆ ಭಿನ್ನಾಭಿಪ್ರಾಯವನ್ನು ಹೇಳಲು ಬಾರದ ಭಾಷೆ ಆ ಹುಡುಗನ ಮಕ್ಕಳಿಗೆ ರೊಟ್ಟಿ ಕೇಳಲಾದರೂ ಒದಗೀತೆಂಬ ಭರವಸೆ ನನಗಿಲ್ಲ. ಹಾಡು, ಕೋಲಾಟ, ಹೋಳಿಗೆಯೂಟ ಸಂಘದಲ್ಲಿ ಬೇಕಾದಷ್ಟಿವೆ. ಕನ್ನಡದಲ್ಲಿ ಜಗಳವಾಡುವ ಸ್ಥಳವೊಂದು ಇಲ್ಲ. ಕಾರ್ಯಕಾರಿ ಸಮಿತಿಯ ಸಭೆಯನ್ನು ಬಿಟ್ಟು!

ಆದುದರಿಂದ ನನ್ನ ಸೂಚನೆ ಇದು. ತಿಂಗಳಿಗೊಂದು ಭಾನುವಾರ ಹದಿನೈದು ಇಪ್ಪತ್ತು ಜನ ಒಬ್ಬರ ಮನೆಯಲ್ಲಿ ಸೇರೋಣ. ಈಗ ಮೊಬೈಲಿನಲ್ಲಿಯೇ ಕನ್ನಡ ಬಾನುಲಿ ಕೇಂದ್ರಗಳು ಕೇಳಿಸುತ್ತವೆ. ಒಂದು ಭಾಷಣವನ್ನೋ ಸಂವಾದವನ್ನೋ ಅರ್ಧ ಗಂಟೆ ಕೇಳಿ, ಆಮೇಲೆ ಒಂದು ಗಂಟೆ ನಾವು ಮಾತಾಡೋಣ. ಚಹಾ ಸಾಕು, ಉಪಾಹಾರದ ಉಪಚಾರ ಬೇಡ. ಅದು ಬಂದರೆ ಮನೆಯ ಹೆಣ್ಣುಮಕ್ಕಳು ಚರ್ಚೆಯಿಂದ ಅಡಿಗೆಮನೆಗೆ ಹೋಗಿಬಿಡುತ್ತಾರೆ. ಮೊದಲ ಮಾತು ಕೂಟದಲ್ಲಿ ಎಲ್ಲರಿಗಿಂತ ಚಿಕ್ಕವರದು. ಹಿರಿಯರು ಮೊದಲು ಬಾಯಿ ತೆರೆದರೆ ಕಿರಿಯರು ತೆರೆಯುವುದಿಲ್ಲವೆಂಬುದನ್ನು ನೀವೆಲ್ಲ ಬಲ್ಲಿರಿ. ಕಾರ್ಯದರ್ಶಿ ಬರೆದುಕೊಂಡದ್ದನ್ನು ಆ ಬಾನುಲಿ ಕೇಂದ್ರಕ್ಕೆ ಕಳಿಸೋಣ. ಉತ್ತರ ಬಂದರೆ ಸಂತೋಷ.

ಮೊದಲ ದಿನಕ್ಕೆ ಖಡಕವಾಸ್ಲಾ ಜಲಾಶಯದ ನೀರನ್ನು ವಿಷಯವಾಗಿ ಇಟ್ಟುಕೊಳ್ಳಬಹುದು. ಆ ನೀರು ಈ ನಗರದ ನಲ್ಲಿಗಳಿಗೆಷ್ಟು, ಕಾಲುವೆಯಲ್ಲಿ ದೌಂಡ, ಇಂದಾಪುರಗಳ ಹೊಲಗಳಿಗೆಷ್ಟು ಎಂಬ ತಕರಾರು ಹಳೆಯದು. ಅದಲ್ಲದೆ ಮುಠಾ ನದಿ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ವಿಜಯಪುರ, ಕಲಬುರ್ಗಿಯ ಕಡೆಗೆ ಇಳಿಯುತ್ತಾಳೆ. ಇಲ್ಲಿ ನಲ್ಲಿ ತಿರುಗಿಸುವವರೂ ನಾವೇ, ಅಲ್ಲಿ ಹೊಳೆಯ ದಾರಿ ಕಾಯುವವರೂ ನಮ್ಮ ಅಣ್ಣತಮ್ಮಂದಿರೇ. ಯಾರ ಪಕ್ಷ ಹಿಡಿಯುತ್ತೀರಿ? ನಮ್ಮ ಮನೆಯಲ್ಲಂತೂ ಈಗಾಗಲೇ ಎರಡು ಪಕ್ಷಗಳಾಗಿವೆ.

ಬರಲು ಇಚ್ಛೆಯುಳ್ಳವರು ಹೊರಗೆ ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕೆಂದು ವಿನಂತಿ.