ಇಸುಬನ್ನು ಮುಚ್ಚಿಟ್ಟರೆ ಕ್ಷಯವೂ ಮುಚ್ಚಿಹೋದೀತು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಶಿಕ್ಷಕ. ನನ್ನ ತರಗತಿಯ ಒಬ್ಬ ಬಾಲಕಿಯಿಂದ ನಾನು ಕಲಿತ ಪಾಠವನ್ನು ನಿಮ್ಮ ಮುಂದಿಡುತ್ತೇನೆ.

ಆಕೆಯ ಅಜ್ಜನಿಗೆ ಕ್ಷಯ, ಅಂದರೆ ನಾವು ಉರ್ದುವಿನಲ್ಲಿ ತಪೆದಿಕ್ ಎನ್ನುವ ರೋಗ ಬಂದಿತ್ತು. ಮನೆಯ ಮಕ್ಕಳಿಗೆಲ್ಲ ಮಾಂಟೂ ಪರೀಕ್ಷೆ ಮಾಡಿದರು. ಈ ಹುಡುಗಿಗೆ ಮೈಯೆಲ್ಲ ಇಸುಬು. ಅದಕ್ಕಾಗಿ ಒಂದು ತಿಂಗಳಿಗೂ ಹೆಚ್ಚು ಕಾಲದಿಂದ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದಳು. ಚರ್ಮರೋಗದ ಸುದ್ದಿ ಹಬ್ಬಿದರೆ ನಾಳೆ ಸಂಬಂಧ ಕೂಡುವುದು ಕಷ್ಟವೆಂದು ತಾಯಿ ಮಾತ್ರೆಯ ವಿಷಯ ಹೇಳಲಿಲ್ಲ. ಕೈಯಲ್ಲಿ ಉಬ್ಬು ಬರಲಿಲ್ಲ. ಎಲ್ಲರೂ ನಿಶ್ಚಿಂತರಾದರು. ಕೆಲವು ತಿಂಗಳಲ್ಲಿ ಮಗು ಕೆಮ್ಮುತ್ತಾ ಸೊರಗಿದಾಗ ರೋಗ ಗೊತ್ತಾಯಿತು.

ಹೀಗೇಕಾಯಿತು? ಈ ಪರೀಕ್ಷೆಯಲ್ಲಿ ಮುಂಗೈಯ ಒಳಬದಿಯ ಚರ್ಮದೊಳಗೆ 0.1 ಮಿಲಿಲೀಟರ್ ಟ್ಯೂಬರ್ಕುಲಿನ್ ಚುಚ್ಚುತ್ತಾರೆ. 48ರಿಂದ 72 ಗಂಟೆಗಳೊಳಗೆ ಗಟ್ಟಿಯಾದ ಉಬ್ಬನ್ನು ಮಾತ್ರ ಅಳೆಯುತ್ತಾರೆ, ಕೆಂಪನ್ನಲ್ಲ. ಉಬ್ಬು ಬರುವುದು ನಮ್ಮ ದೇಹದ ರೋಗನಿರೋಧಕ ಶಕ್ತಿಯಿಂದ. ಸ್ಟಿರಾಯ್ಡ್ ಮಾತ್ರೆ ಆ ಶಕ್ತಿಯನ್ನೇ ತಗ್ಗಿಸುವುದರಿಂದ ಸೋಂಕಿದ್ದರೂ ಉಬ್ಬು ಬಾರದಿರಬಹುದು. ಇನ್ನು ಇಸುಬಿರುವ ಜಾಗಕ್ಕೇ ಚುಚ್ಚಿದರೆ ದಪ್ಪಗಾದ ಚರ್ಮ ಯಾವುದು, ಪರೀಕ್ಷೆಯ ಉಬ್ಬು ಯಾವುದು ಎಂದು ತಿಳಿಯುವುದು ಕಷ್ಟ.

ಆದ್ದರಿಂದ ತಾಯಂದಿರೇ, ಚರ್ಮರೋಗವನ್ನೂ ಅದರ ಔಷಧಿಯನ್ನೂ ಮೊದಲೇ ತಿಳಿಸಿ, ಔಷಧಿಯ ಚೀಟಿ ತೋರಿಸಿ. ಆದರೆ ಪರೀಕ್ಷೆಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ. ಚುಚ್ಚಲು ಆರೋಗ್ಯವಾದ ಚರ್ಮವಿರುವ ಜಾಗವನ್ನು ತೋರಿಸಿ. ಚುಚ್ಚಿದ ಜಾಗವನ್ನು ಕೆರೆಯಲು ಬಿಡಬೇಡಿ, ಮುಲಾಮು ಹಚ್ಚಬೇಡಿ, ಹೇಳಿದ ದಿನವೇ ತೋರಿಸಿ. ಮೈಯೆಲ್ಲ ಇಸುಬಿದ್ದರೆ ರಕ್ತದಿಂದ ಮಾಡುವ ಪರೀಕ್ಷೆಯೂ ಉಂಟು, ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಉಬ್ಬು ಬಂದ ಮಾತ್ರಕ್ಕೆ ಕ್ಷಯರೋಗವೆಂದಲ್ಲ, ಬಾರದ ಮಾತ್ರಕ್ಕೆ ರೋಗವಿಲ್ಲವೆಂದೂ ಅಲ್ಲ. ಬಿಸಿಜಿ ಲಸಿಕೆಯಿಂದಲೂ ಉಬ್ಬು ಬರಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕಫ ಮತ್ತು ಎಕ್ಸ್‌ರೇ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಚಿಕಿತ್ಸೆ ಉಚಿತ.

ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಿರಿ ಎಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದಾರೆ. ಮುಚ್ಚಿಡಿ ಎಂದು ಕಲಿಸಲಿಲ್ಲ. ಆ ಬಾಲಕಿ ಆರು ತಿಂಗಳು ಔಷಧಿ ಪೂರ್ತಿ ತೆಗೆದುಕೊಂಡು, ಅಲ್‌ಹಮ್‌ದುಲಿಲ್ಲಾಹ್, ಮತ್ತೆ ಮೊದಲ ಬೆಂಚಿಗೆ ಬಂದಿದ್ದಾಳೆ. ಮುಚ್ಚಿಡದಿದ್ದರೆ ಆಕೆಗೆ ಅಷ್ಟು ದಿನದ ಪಾಠವೂ ತಪ್ಪುತ್ತಿರಲಿಲ್ಲ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ನಮಗೆ ಸತ್ಯ ಹೇಳುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.